ಸತ್ತ ಕವಿಗಳ ಪದ್ಯಕ್ಕೂ ಜನ ಕೂತರು

ಒಬ್ಬ ಕವಿ ಸತ್ತಾಗ ಇನ್ನೊಬ್ಬ ಕವಿ ಬರೆದ ಶೋಕಗೀತೆ ಓದಿಸುತ್ತೇನೆ ಅಂದಾಗ, ಅದನ್ನು ಕೇಳಲು ದುಡ್ಡು ಕೊಟ್ಟು ಯಾರು ಬರ್ತಾರೆ ಅಂತ ನಮ್ಮ ಬಳಗದವರೆಲ್ಲ ನಕ್ಕಿದ್ದರು. ಹೋದ ತಿಂಗಳು ಕಲಬುರಗಿಯಲ್ಲಿ ಎಪ್ಪತ್ತು ಎಂಬತ್ತು ಜನ ಕೊನೆತನಕ ಕೂತರು. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಒಂದು ಸಲ ಇಂಗ್ಲಿಷ್ ಕವಿ ಶೆಲ್ಲಿಯನ್ನು ಹಿಡಿದಿದ್ದೆ. 1821ರಲ್ಲಿ ಕವಿ ಕೀಟ್ಸ್ ತೀರಿಕೊಂಡ ಮೇಲೆ ಬರೆದ 'ಅಡೊನೈಸ್'. 495 ಸಾಲು! ಅರ್ಧಕ್ಕೇ ಕುರ್ಚಿ ಎಳೆಯುವ ಸದ್ದು ಶುರುವಾಯಿತು. ಹಾಲ್ ಬಾಡಿಗೆ, ಮೈಕು, ಹಾರ್ಮೋನಿಯಂನವರಿಗೆ ಕೊಟ್ಟದ್ದು ಎಲ್ಲ ಸೇರಿ ಏಳೆಂಟು ಸಾವಿರ ಹೋಯಿತು. ಇನ್ನೊಂದು ಸಲ ಹಾಲಿ ಅನ್ನುವ ಉರ್ದು ಕವಿ ತನ್ನ ಗುರು ಗಾಲಿಬ್ ಮೇಲೆ ಬರೆದ ಮರ್ಸಿಯಾ, ಅಂದರೆ ಉರ್ದು ಶೋಕಗೀತೆ, ಓದಿಸಿದೆ. ಒಳ್ಳೆಯ ಪದ್ಯವೇ, ಆದರೆ ಹೊಗಳಿಕೆಯ ಮೇಲೆ ಹೊಗಳಿಕೆ. ವಾಹ್ ವಾಹ್ ಅಂದರು, ಆಮೇಲೆ ಮೊಬೈಲ್ ತೆಗೆದರು.

ಈ ಸಲ ಹೊಗಳಿಕೆ ಬಿಟ್ಟು ಜಗಳದಿಂದ ಶುರು ಮಾಡಿದೆ. ಗಾಲಿಬ್ ಸಾಕಿದ ಹುಡುಗ ಆರಿಫ್, ಅವನೂ ಕವಿ, ಚಿಕ್ಕ ವಯಸ್ಸಿಗೇ ಹೋಗಿಬಿಟ್ಟ. ಅವನ ಮೇಲೆ ಬರೆದ ಶೋಕಗೀತೆಯಲ್ಲಿ ಗಾಲಿಬ್ ಅವನನ್ನು ಬಯ್ಯುತ್ತಾನೆ: ಒಬ್ಬನೇ ಯಾಕೆ ಹೋದೆ, ಈಗ ಇನ್ನೂ ಕೆಲವು ದಿನ ಒಬ್ಬನೇ ಇರು. ಒಂದು ಶೇರ್, ಅಂದರೆ ಎರಡು ಸಾಲಿನ ಪದ್ಯ, ಅಂತೂ ಹೀಗಿದೆ: ಕೊಡುವ ತೆಗೆದುಕೊಳ್ಳುವ ವ್ಯವಹಾರದಲ್ಲಿ ನೀನೇನು ಅಷ್ಟು ಖಡಕ್ಕಾ, ಸಾವಿನ ದೂತ ಇನ್ನೂ ಸ್ವಲ್ಪ ದಿನ ತಗಾದೆ ಮಾಡಿಕೊಂಡು ಓಡಾಡಬಹುದಿತ್ತಲ್ಲ! ಜನ ನಕ್ಕರು. 'ಕೋಯಿ ದಿನ್ ಔರ್', ಇನ್ನೂ ಕೆಲವು ದಿನ, ಅಂತ ಪ್ರತಿ ಶೇರ್ ಮುಗಿಯುತ್ತದೆ, ಮೂರನೆಯದಕ್ಕೆ ಮುಂದಿನ ಸಾಲಿನವರೇ ಅದನ್ನು ಹೇಳಿ ಮುಗಿಸಿದರು. ಹಿಂದೆ ಕೂತ ಹೆಂಗಸೊಬ್ಬರು ಅಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅದರ ಬೆನ್ನಿಗೇ ಇಂಗ್ಲಿಷ್ ಕವಿ ಆಡೆನ್. 1939ರಲ್ಲಿ ಐರಿಷ್ ಕವಿ ಯೇಟ್ಸ್ ಸತ್ತಾಗ ಬರೆದದ್ದು. ಅವನೂ ಸತ್ತವನಿಗೆ ನೇರವಾಗಿ ಹೇಳುತ್ತಾನೆ, ನೀನೂ ನಮ್ಮ ಹಾಗೇ ಪೆದ್ದನಾಗಿದ್ದೆ ಅಂತ. ಆ ಪದ್ಯದ ಮೂರನೇ ಭಾಗ ನಾಲ್ಕು ಪೆಟ್ಟಿನ ತಾಳಕ್ಕೆ ಸರಿಯಾಗಿ ಕೂರುತ್ತದೆ. ಸುಮ್ನೆ ಕಂಜಿರ ಹಿಡಿದು ನೋಡಿದೆವು, ಕಂಜಿರ ಜಾಸ್ತಿಯಾಯಿತು, ಮೇಜು ತಟ್ಟಿದ್ದೇ ಸಾಕಾಯಿತು. ಗಾಲಿಬ್ ಮುಗಿದು ಆಡೆನ್ ಶುರುವಾಗುವ ನಡುವೆ ನಾನು ಒಂದು ಕೆಲಸ ಮಾಡುತ್ತೇನೆ, ಇಂಗ್ಲಿಷ್ ಬಾರದವರೂ ಕೂರುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯಲ್ಲ.

ಕೊನೆಗೆ ಫೈಜ್ ಮೇಲೆ ಕಾಶ್ಮೀರದ ಕವಿ ಆಗಾ ಶಾಹಿದ್ ಅಲಿ ಇಂಗ್ಲಿಷಿನಲ್ಲಿ ಬರೆದದ್ದು. ಉರ್ದು ಕವಿಯ ಸಾವು, ಇಂಗ್ಲಿಷ್ ಪದ್ಯ. ಉರ್ದುವಿನವರೂ ಇಂಗ್ಲಿಷಿನವರೂ ಆಗ ಒಟ್ಟಿಗೆ ಸುಮ್ಮನಾದರು.

ಈ ಸಲ ಹಾರ್ಮೋನಿಯಂ ಇಲ್ಲ, ಮೈಕು ಗೆಳೆಯನದು. ಖರ್ಚು ಎರಡೂವರೆ ಸಾವಿರ ಇರಬಹುದು, ಟಿಕೆಟ್ಟಿಂದ ಮೂರರ ಹತ್ತಿರ ಬಂತು. ಮುಂದೆ ಉರ್ದು ಕವಿ ದಾಗ್ ಮೇಲೆ ಇಕ್ಬಾಲ್ ಬರೆದದ್ದನ್ನು ಇಂಗ್ಲಿಷಿನ ಮಿಲ್ಟನ್ನನ ಶೋಕಗೀತೆಯ ಜೊತೆ ಕೂರಿಸುವ ಯೋಚನೆ. ಇಕ್ಬಾಲ್ ತನ್ನ ಗಜಲ್‌ಗಳನ್ನು ದಾಗ್‌ಗೆ ಅಂಚೆಯಲ್ಲಿ ಕಳಿಸಿ ತಿದ್ದಿಸಿಕೊಳ್ಳುತ್ತಿದ್ದವನು, ಅಲ್ಲೇ ಎಲ್ಲೋ ಎಳೆ ಸಿಗಬೇಕು. ಹಾಲ್‌ನವರು ಮಾತ್ರ ಈಗಲೇ ಬಾಡಿಗೆ ಏರಿಸಿದ್ದಾರೆ.