ಎಕ್ಸ್‌ಟಿಗೆ ಪಿಎಸ್/2 ಕೀಬೋರ್ಡ್ ಜೋಡಿಸಿದ್ದು

1983ರ ಹಳೇ ಕಂಪ್ಯೂಟರ್ ಐಬಿಎಂ ಎಕ್ಸ್‌ಟಿ ಸಿಕ್ಕರೂ ಅದರ 83 ಕೀಗಳ ಕೀಬೋರ್ಡ್ ಜೊತೆಗೆ ಸಿಗುವುದು ಕಷ್ಟ. ಮರುವರ್ಷ ಬಂದ ಐಬಿಎಂ ಎಟಿ ಕಂಪ್ಯೂಟರಿನ ಕೀಬೋರ್ಡಿನ ಪ್ಲಗ್ಗೂ ಅದೇ ಐದು ಪಿನ್ನಿನದು, ಸಲೀಸಾಗಿ ಕೂರುತ್ತದೆ, ಆದರೆ ಕಳಿಸುವ ರೀತಿಯೂ ಕೋಡ್‌ಗಳೂ ಬೇರೆ, ಹಾಗಾಗಿ ಕೆಲಸ ಮಾಡುವುದಿಲ್ಲ. ನನ್ನ ಹತ್ರ ಇದ್ದ ಪಿಎಸ್/2 ಕೀಬೋರ್ಡೂ (ಯುಎಸ್‌ಬಿಗಿಂತ ಮುಂಚಿನ ದುಂಡು ಪ್ಲಗ್ಗಿನದು) ಎಟಿ ಜಾತಿಯದೇ. ಅದಕ್ಕೇ ನಡುವೆ ಆರ್ಡುಯಿನೋ ನ್ಯಾನೋ ಅನ್ನುವ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಹಾಕಿದೆ. ಎಕ್ಸ್‌ಟಿಯೂ 5 ವೋಲ್ಟ್, ನ್ಯಾನೋವೂ 5 ವೋಲ್ಟ್, ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಗೋಜಿಲ್ಲ.

ವೈರಿಂಗ್ ಜಾಸ್ತಿ ಇಲ್ಲ. ಎರಡೂ ಕಡೆ ಕ್ಲಾಕ್, ಡೇಟಾ, 5 ವೋಲ್ಟ್, ಗ್ರೌಂಡ್. ಒಂದೇ ಎಚ್ಚರ: ಕ್ಲಾಕ್, ಡೇಟಾ ಪಿನ್‌ಗಳನ್ನು ಯಾವತ್ತೂ ಹೈ ಮಾಡಬಾರದು. 0 ಬೇಕಾದಾಗ ಲೋ ಮಾಡಿ, 1 ಬೇಕಾದಾಗ ಇನ್‌ಪುಟ್ ಮಾಡಿ ಸುಮ್ನೆ ಬಿಟ್ಟುಬಿಡಿ, ಲೈನನ್ನು 5 ವೋಲ್ಟಿಗೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರ್ ನೋಡಿಕೊಳ್ಳುತ್ತದೆ.

ಪಿಎಸ್/2 ಕಡೆಯಿಂದ ಒಂದು ಬೈಟಿಗೆ 11 ಬಿಟ್ ಬರುತ್ತವೆ: ಸ್ಟಾರ್ಟ್, 8 ಡೇಟಾ, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಟಾಪ್. ಕ್ಲಾಕ್ ಕೆಳಗಿಳಿದಾಗಲೆಲ್ಲ ಇಂಟರಪ್ಟ್‌ನಲ್ಲಿ (ನಡೆಯುತ್ತಿರುವ ಕೆಲಸ ತಡೆದು ಓಡುವ ಕೋಡ್) ಓದಿ ಬಫರಿಗೆ ಹಾಕಿದೆ. ಎಕ್ಸ್‌ಟಿ ಕಡೆ ಪ್ಯಾರಿಟಿಯೇ ಇಲ್ಲ, ಕ್ಲಾಕ್ ಕೊಡುವವರೂ ನಾವೇ. ಕಳಿಸುವ ಮಧ್ಯೆ ಇಂಟರಪ್ಟ್ ಬಂದರೆ ಆ ಒಂದು ಬಿಟ್ ಸ್ವಲ್ಪ ಉದ್ದವಾಗುತ್ತದೆ ಅಷ್ಟೇ, ಹಾಗಾಗಿ ಇಂಟರಪ್ಟ್ ನಿಲ್ಲಿಸುವ ಗೊಡವೆಗೇ ಹೋಗಲಿಲ್ಲ. ಬೈಟ್ ಮುಟ್ಟಿದ ಮೇಲೆ ಕಂಪ್ಯೂಟರ್ ಡೇಟಾ ಲೈನನ್ನು ಲೋ ಹಿಡಿದುಕೊಳ್ಳುತ್ತದೆ. ಬಿಡುವ ತನಕ ಮುಂದಿನದನ್ನು ಕಳಿಸುವ ಹಾಗಿಲ್ಲ. ಆನ್ ಮಾಡಿದಾಗ ಕ್ಲಾಕನ್ನು ಸುಮಾರು 20 ಮಿಲಿಸೆಕೆಂಡ್ ಲೋ ಇಡುತ್ತದೆ, ಅದು ರೀಸೆಟ್. ಅದಕ್ಕೆ ಎಎ (AA, ಇಲ್ಲಿನ ಕೋಡ್‌ಗಳೆಲ್ಲ ಹೆಕ್ಸ್, ಅಂದರೆ 16ರ ಎಣಿಕೆಯಲ್ಲಿವೆ) ಅಂತ ಉತ್ತರ ಹೋಗದಿದ್ದರೆ ಪರದೆ ಮೇಲೆ 301 ಎರರ್.

ಇನ್ನು ಕೋಡ್ ಬದಲಿಸುವುದು. 'ಎ' ಒತ್ತಿದರೆ ಪಿಎಸ್/2 ಕೊಡುವುದು 1ಸಿ, ಎಕ್ಸ್‌ಟಿಗೆ ಬೇಕಾದದ್ದು 1ಇ. ಬಿಟ್ಟಾಗ ಇಲ್ಲಿ ಎಫ್0 1ಸಿ, ಅಲ್ಲಿ 9ಇ, ಅಂದರೆ 1ಇಗೆ ಹೆಕ್ಸ್ 80 ಕೂಡಿಸಿದರಾಯಿತು. ಒಂದು ಟೇಬಲ್ ಸಾಕು.

ನನಗೆ ಮಜಾ ಅನ್ನಿಸಿದ್ದು ಇ0. ಹೊಸದಾಗಿ ಸೇರಿದ ಕೀಗಳ ಮುಂದೆ ಈ ಬೈಟ್ ಬರುತ್ತದೆ, ಎಕ್ಸ್‌ಟಿಗೆ ಅದು ಗೊತ್ತಿಲ್ಲ. ಪ್ರತಿಯೊಂದಕ್ಕೂ ಬೇರೆ ಕೋಡ್ ಬರೆಯಬೇಕಾ? ಬೇಡ, ಇ0 ಬಿಸಾಕಿದರೆ ಸಾಕು! ಮೇಲಿನ ಬಾಣದ ಇ0 75ರಲ್ಲಿ 75 ಉಳಿಯುತ್ತದೆ, ಟೇಬಲ್‌ನಲ್ಲಿ ಅದು 48, ಅಂದರೆ ನಂಬರ್ ಪ್ಯಾಡಿನ 8. ಹಳೇ ಕೀಬೋರ್ಡಿನಲ್ಲಿ ಮೇಲಿನ ಬಾಣ ಇದ್ದದ್ದೇ ಅಲ್ಲಿ ಅಲ್ವಾ? ಪ್ರಿಂಟ್ ಸ್ಕ್ರೀನ್ ಇನ್ನೂ ಚೆಂದ. ಇ0 12 ಇ0 7ಸಿ ಬಂದಿದ್ದು 2ಎ 37 ಆಗುತ್ತದೆ, ಅಂದರೆ ಶಿಫ್ಟ್ ಮತ್ತು ನಕ್ಷತ್ರದ ಕೀ, ಎಕ್ಸ್‌ಟಿಯಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತುತ್ತಿದ್ದದ್ದೇ ಹಾಗೆ. ಪಾಸ್ (Pause) ಕೀಯ ಇ1 ತೆಗೆದರೆ ಕಂಟ್ರೋಲ್ ಜೊತೆ ನಮ್ ಲಾಕ್, ಅಲ್ಲಿನ ಪಾಸ್ ಕೂಡ ಅದೇ. ಹಳೆಯದಕ್ಕೆ ಹೊಂದಲಿ ಅಂತಲೇ ಹೀಗೆ ಮಾಡಿಟ್ಟಿದ್ದಾರೆ, ಆದ್ದರಿಂದ ಆ ಸುಳ್ಳು ಶಿಫ್ಟ್ 12 ಕಸ ಅಂತ ಸೋಸಿಬಿಡಬೇಡಿ.

ಎಕ್ಸ್‌ಟಿ ಕೀಬೋರ್ಡಿಗೆ ಏನೂ ಹೇಳಿ ಕಳಿಸುವುದಿಲ್ಲ, ಹಾಗಾಗಿ ನಮ್ ಲಾಕ್ ದೀಪ ಹೊತ್ತಿಸುವ ಇಡಿ (ED) ಕಮಾಂಡನ್ನೂ ನ್ಯಾನೋನೇ ಕೊಡಬೇಕು. ಎಫ್11, ಎಫ್12 ಆ ಕಾಲದ ಕೀಬೋರ್ಡಿನಲ್ಲಿ ಇರಲೇ ಇಲ್ಲ. ಎಫ್12 ಒತ್ತಿದರೆ ಅಡಾಪ್ಟರ್ ರೀಸೆಟ್ ಆಗುವ ಹಾಗೆ ಮಾಡಿಕೊಂಡಿದ್ದೇನೆ, ಎಫ್11 ಸದ್ಯಕ್ಕೆ ಖಾಲಿ.