ವಯಸ್ಸಾದರೆ ಕ್ಲಸ್ಟರ್ ತಲೆನೋವು ಬಿಡುತ್ತಾ? ನನ್ನ ಅನುಭವ

ಈ ತಲೆನೋವು ಇರುವವರು ಯಾರೇ ಸಿಗಲಿ, ಮೊದಲು ಕೇಳುವುದು ಇದನ್ನೇ. "ಅಣ್ಣಾರ, ವಯಸ್ಸಾದ ಮ್ಯಾಲೆ ಇದು ಬಿಡ್ತೈತೇನ್ರೀ?" ನನಗೀಗ ಅರವತ್ತು ಹತ್ತಿರ ಬಂತು. ಮೂವತ್ತು ತುಂಬುವ ಮೊದಲೇ ಹಿಡಿದ ನೋವು ಇದು. ನನ್ನ ಮಟ್ಟಿಗೆ ಹೇಳುವುದಾದರೆ ಸಡಿಲಾಗಿದೆ, ಪೂರ್ತಿ ಬಿಟ್ಟಿಲ್ಲ. ಆದರೆ ನೋವು ಸಡಿಲಾಗುವ ವಯಸ್ಸಿನಲ್ಲೇ ಬಿಪಿ, ಶುಗರ್, ಹೃದಯದ ತೊಂದರೆ ಒಂದೊಂದಾಗಿ ಬರುತ್ತವೆ. ಮೊದಲು ಕೈಹಿಡಿದ ಔಷಧ ಆಗ ನಡೆಯುವುದಿಲ್ಲ. ಈ ಎರಡನೇ ಮಾತನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ಕೆಲಸ. ನನ್ನ ನೋವಿಗೆ ಸೀಸನ್ ಇದೆ. ಬನ್ನಿ ಹಬ್ಬದ ಆಸುಪಾಸು ಶುರುವಾದರೆ ಆರೆಂಟು ವಾರ ಕಾಡಿ, ಬಂದ ಹಾಗೇ ಹೋಗಿಬಿಡುತ್ತದೆ. ಸೀಸನ್ ಇದ್ದಾಗ ರಾತ್ರಿ ಮಲಗಿ ಒಂದೂವರೆ ತಾಸಿಗೆ ಎಚ್ಚರ. ಬಲಗಣ್ಣಿನ ಹಿಂದೆ ಯಾರೋ ಡ್ರಿಲ್ ಹಚ್ಚಿದ ಹಾಗೆ ನೋವು. ಅದೇ ಕಣ್ಣು ಕೆಂಪಾಗಿ ನೀರು ಸುರಿಸುತ್ತದೆ, ರೆಪ್ಪೆ ಜೋತು ಬೀಳುತ್ತದೆ, ಅದೇ ಬದಿಯ ಮೂಗು ಕಟ್ಟುತ್ತದೆ. ಎಡಗಡೆ ಏನೂ ಇಲ್ಲ. ಮಲಗಲು ಆಗುವುದೇ ಇಲ್ಲ. ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುತ್ತಿದ್ದೆ. "ಸುಮ್ನ ಮಲ್ಕೋರಿ ಅಂದ್ರ ಹಿಂಗ್ಯಾಕ ಅಡ್ಡಾಡ್ತೀರಿ?" ಅಂತ ಮನೆಯಾಕೆ ಅಳುತ್ತಿದ್ದಳು. ಮೈಗ್ರೇನ್ ಬಂದವರು ಕತ್ತಲಲ್ಲಿ ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ಬಂದವರಿಗೆ ಒಂದು ಕಡೆ ಕೂರಲೂ ಆಗುವುದಿಲ್ಲ. ಒಂದೊಂದು ಅಟ್ಯಾಕ್ 15 ನಿಮಿಷದಿಂದ 3 ತಾಸಿನವರೆಗೆ ಇರುತ್ತದೆ, ದಿನಕ್ಕೆ ಎಂಟು ಸಲ ಬಂದರೂ ಬಂತು.

ಸೈನಸ್ ಅಂದರು, ಕಣ್ಣಿನ ನಂಬರ್ ಅಂದರು, ಕೊನೆಗೆ ಒಂದು ಗಟ್ಟಿ ದವಡೆ ಹಲ್ಲೂ ಹೋಯಿತು. ಅಷ್ಟೆಲ್ಲ ಆದಮೇಲೆ ಒಬ್ಬ ನರರೋಗ ತಜ್ಞರು ಬರೀ ಪ್ರಶ್ನೆ ಕೇಳಿಯೇ ಕಾಯಿಲೆ ಯಾವುದೆಂದು ಹೇಳಿದರು. ಎಂಆರ್‌ಐ ಮಾಡಿಸಿದ್ದು ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಮಾತ್ರ. ಇದನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಜಾಸ್ತಿ ಗಂಡಸರಿಗೆ ಬರುತ್ತದೆ, ಹೆಂಗಸರನ್ನೂ ಬಿಡುವುದಿಲ್ಲ.

ಮೆದುಳಿನ ಬುಡದಲ್ಲಿರುವ ಹೈಪೋಥಾಲಮಸ್ ನಮ್ಮ ನಿದ್ದೆ-ಎಚ್ಚರದ ಗಡಿಯಾರವನ್ನು ನಡೆಸುತ್ತದೆ. ಅಟ್ಯಾಕ್ ಬಂದಾಗ ಆ ಜಾಗ ಚುರುಕಾಗುವುದನ್ನು 1998ರಲ್ಲಿ ಪೆಟ್ ಸ್ಕ್ಯಾನ್‌ನಲ್ಲಿ ಕಂಡರು. ದಿನಾ ಅದೇ ಹೊತ್ತಿಗೆ, ವರ್ಷದ ಅದೇ ಕಾಲಕ್ಕೆ ಯಾಕೆ ಬರುತ್ತದೆ ಅನ್ನುವುದಕ್ಕೆ ಇದರಿಂದ ಒಂದು ಎಳೆ ಸಿಕ್ಕಿತು.

ಇನ್ನು ವಯಸ್ಸಿನ ಮಾತು. ನಲವತ್ತರವರೆಗೆ ನನಗೆ ವರ್ಷ ತಪ್ಪಿದ್ದಿಲ್ಲ. ಆಮೇಲೆ ಒಂದು ವರ್ಷ ಬಿಟ್ಟು ಬಂತು. ಐವತ್ತು ದಾಟಿದ ಮೇಲೆ ನಡುವಿನ ಅಂತರ ಇನ್ನೂ ಹಿಗ್ಗಿತು, ಸೀಸನ್ ಕೂಡ ಗಿಡ್ಡಾಯಿತು. ಬಂದ ಅಟ್ಯಾಕ್ ಮಾತ್ರ ಮೊದಲಿನಷ್ಟೇ ಕ್ರೂರ. ಇದು ನನ್ನೊಬ್ಬನ ಕಥೆ ಅಲ್ಲ. ವಯಸ್ಸಾದಂತೆ ಅನೇಕರಿಗೆ ನಡುವಿನ ಬಿಡುವು ಉದ್ದವಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ ಅಂತ ನರರೋಗ ತಜ್ಞರೂ ಹೇಳುತ್ತಾರೆ. ಆದರೆ ಎಲ್ಲರದೂ ಒಂದೇ ದಾರಿ ಅಲ್ಲ. ಕಾಯಿಲೆ ಶುರುವಾಗಿ ಹತ್ತು ವರ್ಷ ದಾಟಿದ 189 ಜನರ ಲೆಕ್ಕವನ್ನು ಇಟಲಿಯ ವೈದ್ಯರು 1991ರಲ್ಲಿ ಪ್ರಕಟಿಸಿದರು. ಬಿಡುವು ಕೊಟ್ಟು ಬರುವ ನೋವಿನವರಲ್ಲಿ ನೂರಕ್ಕೆ ಸುಮಾರು 80 ಜನ ಹಾಗೇ ಉಳಿದಿದ್ದರು. ಸುಮಾರು 13 ಜನರಿಗೆ ಅದು ಬಿಡುವೇ ಇಲ್ಲದ ಕ್ರಾನಿಕ್ ರೂಪಕ್ಕೆ ತಿರುಗಿತ್ತು. ಮೊದಲಿನಿಂದ ಕ್ರಾನಿಕ್ ಇದ್ದವರಲ್ಲಿ ಮೂರರಲ್ಲಿ ಒಂದು ಪಾಲು ಜನ ಬಿಡುವು ಇರುವ ರೂಪಕ್ಕೆ ಬಂದಿದ್ದರು. ಈ ಕೊನೆಯ ಮಾತು ನನಗೆ ತುಂಬ ಮುಖ್ಯ ಅನಿಸುತ್ತದೆ. ವರ್ಷವಿಡೀ ನರಳುವವರಿಗೂ ಬಿಡುವು ಬರಬಹುದು ಅಂತ ಆಯಿತಲ್ವಾ? ಹಾಗಂತ ನಾಲ್ಕೈದು ವರ್ಷ ಬರಲಿಲ್ಲ ಅಂದ ಕೂಡಲೇ ಮುಗಿಯಿತು ಅಂದುಕೊಂಡು ನೋವಿಗೆ ಅಂತ ಮನೆಯಲ್ಲಿಟ್ಟ ಆಕ್ಸಿಜನ್ ಸಿಲಿಂಡರ್ ಮಾರಬೇಡಿ. ಎಷ್ಟೋ ವರ್ಷ ಸುಮ್ಮನಿದ್ದು ಮತ್ತೆ ಬಂದ ಉದಾಹರಣೆಗಳಿವೆ.

ನನ್ನನ್ನು ನಿಜವಾಗಿ ಉಳಿಸಿದ್ದು ಆಕ್ಸಿಜನ್. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೋವು ಶುರುವಾದ ಕೂಡಲೇ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ ಕೂತು, ನಿಮಿಷಕ್ಕೆ 12ರಿಂದ 15 ಲೀಟರ್ ಶುದ್ಧ ಆಕ್ಸಿಜನ್ ಅನ್ನು 15-20 ನಿಮಿಷ ಎಳೆದುಕೊಳ್ಳಬೇಕು. ಮಾಸ್ಕ್‌ಗೆ ಕೆಳಗೆ ಚೀಲ ಇರಬೇಕು. ಮೂಗಿಗೆ ಹಾಕುವ ಸಣ್ಣ ಪೈಪು ಉಪಯೋಗಕ್ಕೆ ಬರುವುದಿಲ್ಲ. 2009ರ ಒಂದು ಪ್ರಯೋಗದಲ್ಲಿ 15 ನಿಮಿಷಕ್ಕೆ ನೋವು ಹೋದದ್ದು ಇಲ್ಲವೇ ಸಾಕಷ್ಟು ಇಳಿದದ್ದು ಆಕ್ಸಿಜನ್ ಕೊಟ್ಟಾಗ ನೂರಕ್ಕೆ 78 ಸಲ, ಬರೀ ಗಾಳಿ ಕೊಟ್ಟಾಗ 20 ಸಲ. ಕೊರೊನಾ ಕಾಲದಲ್ಲಿ ತಂದಿಟ್ಟ, ನಿಮಿಷಕ್ಕೆ ಐದು ಲೀಟರ್ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಅನೇಕರ ಮನೆಯಲ್ಲಿದೆ. ಅದು ಈ ನೋವಿಗೆ ಸಾಲುವುದಿಲ್ಲ, ಸಿಲಿಂಡರೇ ಬೇಕು. ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 12 ಲೀಟರ್‌ನಂತೆ ಒಂದು ಅಟ್ಯಾಕ್‌ಗೆ 180ರಿಂದ 240 ಲೀಟರ್ ಹಿಡಿಯಿರಿ. ಆರೆಂಟು ಸಲಕ್ಕೆ ಖಾಲಿ. ದಿನಕ್ಕೆರಡು ಸಲ ನೋವು ಬರುವವರು ಒಂದೇ ಸಿಲಿಂಡರ್ ಇಟ್ಟುಕೊಂಡರೆ ನಡುರಾತ್ರಿ ಪರದಾಡಬೇಕಾಗುತ್ತದೆ. ಮೊದಲು ಡಾಕ್ಟರ್ ಹತ್ತಿರ ಪ್ರಮಾಣ ಬರೆಸಿಕೊಳ್ಳಿ. ಶ್ವಾಸಕೋಶದ ಹಳೇ ಕಾಯಿಲೆ ಇದ್ದವರಿಗಂತೂ ಅವರನ್ನು ಕೇಳದೆ ಆಕ್ಸಿಜನ್ ಬೇಡ.

"ನಿಮ್ಮ ಶಾಪ್ನ್ಯಾಗ ಗ್ಯಾಸ್ ಕಟಿಂಗ್ ಸಿಲಿಂಡರ್ ಐತಲ್ರೀ, ಅದನ್ನ ಹಚ್ಕೊಂಡ್ರ ಆತು" ಅಂತ ಹೇಳಿದವರಿದ್ದಾರೆ. ಆಗಲ್ಲ. ಅದು ಉಸಿರಾಟಕ್ಕೆ ಅಂತ ತುಂಬಿದ್ದಲ್ಲ. ಮೆಡಿಕಲ್ ಸಿಲಿಂಡರ್ ಕಪ್ಪು, ಅದರ ಹೆಗಲು ಬಿಳಿ. ಇಂಡಸ್ಟ್ರಿಯಲ್ ಸಿಲಿಂಡರ್ ಪೂರ್ತಿ ಕಪ್ಪು. ನೋಡಿ ತಗೊಳ್ಳಿ. ನಮ್ಮ ಕಸುಬಿನವರಿಗೆ ಗೊತ್ತಿರುವ ಇನ್ನೊಂದು ಮಾತು: ಆಕ್ಸಿಜನ್ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಹತ್ತಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿದ ಕೈಯಲ್ಲಿ ವಾಲ್ವ್ ಮುಟ್ಟಬೇಡಿ. ದೇವರ ಮನೆಯ ದೀಪ, ಊದುಬತ್ತಿ, ಬೀಡಿ ಎಲ್ಲ ದೂರ ಇರಲಿ. ಸಿಲಿಂಡರ್ ಉರುಳದ ಹಾಗೆ ಕಿಟಕಿಯ ಸರಳಿಗೆ ಚೈನು ಹಾಕಿ ಕಟ್ಟಿದ್ದೇನೆ.

ಮೊದಲಿನ ವರ್ಷಗಳಲ್ಲಿ ಆಕ್ಸಿಜನ್ ಜೊತೆಗೆ 6 ಎಂಜಿ ಸುಮಾಟ್ರಿಪ್ಟಾನ್ ಇಂಜೆಕ್ಷನ್ ಇತ್ತು. ತೊಡೆಗೆ ಚುಚ್ಚಿಕೊಂಡರೆ ಹದಿನೈದು ನಿಮಿಷದೊಳಗೆ ಜೀವ ಬಂದಂತಾಗುತ್ತಿತ್ತು. ಐವತ್ತರ ನಂತರ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಸಿಕ್ಕಿತು. ಅವತ್ತಿಗೆ ಅದು ಬಂದ್. ಈ ಔಷಧ ರಕ್ತನಾಳವನ್ನು ಕುಗ್ಗಿಸುತ್ತದೆ. ಹೃದಯದ ತೊಂದರೆ ಇದ್ದವರು, ಬಿಪಿ ಹಿಡಿತಕ್ಕೆ ಬರದವರು ಅದನ್ನು ಮುಟ್ಟಬಾರದು.

ಸೀಸನ್ ಉದ್ದಕ್ಕೂ ಅಟ್ಯಾಕ್ ತಡೆಯಲು ವೆರಪಮಿಲ್ ಮಾತ್ರೆ ಇತ್ತು. ಅದು ಮೂಲತಃ ಬಿಪಿ ಮತ್ತು ಹೃದಯದ ಔಷಧ. ತಲೆನೋವಿಗೆ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ, ಹೀಗಾಗಿ ಶುರು ಮಾಡುವ ಮೊದಲು ಮತ್ತು ಪ್ರಮಾಣ ಏರಿಸಿದಾಗಲೆಲ್ಲ ಇಸಿಜಿ ಆಗಲೇಬೇಕು. ಹೃದಯದ ಡಾಕ್ಟರ್ ನನಗೆ ಮೆಟೊಪ್ರೊಲಾಲ್ ಬರೆದರು. ವೆರಪಮಿಲ್ ಜೊತೆ ಅದು ಸೇರಿದರೆ ನಾಡಿ ಅಪಾಯಕ್ಕೆ ಇಳಿಯಬಹುದು. ತಲೆಯ ಡಾಕ್ಟರ್ ಒಂದು ಕಡೆ, ಹೃದಯದ ಡಾಕ್ಟರ್ ಇನ್ನೊಂದು ಕಡೆ. ಆದ್ದರಿಂದ ನನ್ನ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ ಬರೆದ ಒಂದೇ ಹಾಳೆ ಮಾಡಿಸಿ ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ಟೇಬಲ್ ಮೇಲೆ ಇಡುತ್ತೇನೆ. ಆ ಹಾಳೆ ನೋಡಿಯೇ ನರರೋಗ ತಜ್ಞರು ವೆರಪಮಿಲ್ ಬಿಡಿಸಿ, ತಲೆಯ ಹಿಂಭಾಗದ ನರಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ನನಗೆ ಹೋದ ಸೀಸನ್ ಬಹುಮಟ್ಟಿಗೆ ಅದರಲ್ಲೇ ಕಳೆಯಿತು. ಶುಗರ್ ಇದ್ದವರಿಗೆ ಸ್ಟಿರಾಯ್ಡ್‌ನಿಂದ ಶುಗರ್ ಏರುತ್ತದೆ, ಮೊದಲೇ ಹೇಳಿಬಿಡಿ. ಅಟ್ಯಾಕ್ ತಡೆಯಲು ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಹೊಸ ಬಿಪಿ ಮಾತ್ರೆಗೂ ಹುಷಾರಾಗಿರಬೇಕು. ಕೆಲವು ಬಿಪಿ ಮಾತ್ರೆ, ನೋವಿನ ಮಾತ್ರೆಗಳಿಂದ ರಕ್ತದಲ್ಲಿ ಲಿಥಿಯಂ ಜಾಸ್ತಿಯಾಗುತ್ತದೆ.

ಸೀಸನ್‌ನಲ್ಲಿ ಕುಡಿಯುವುದು ಪೂರ್ತಿ ಬಂದ್. ಒಂದು ಪೆಗ್ ಸಾಕು ಅಟ್ಯಾಕ್ ಎಬ್ಬಿಸಲು.

ಹರೆಯದವರಿಗೆ ಒಂದು ಮಾತು. "ಅರವತ್ತಕ್ಕೆ ಕಡಿಮೆ ಆಗ್ತೈತಿ" ಅಂದರೆ ಇಪ್ಪತ್ತೇಳರ ಹುಡುಗನಿಗೆ ಅದು ಸಮಾಧಾನವೇ ಅಲ್ಲ. ಈ ನೋವಿನ ರಾತ್ರಿಗಳಲ್ಲಿ ಸಾಯುವ ಯೋಚನೆ ಬರುತ್ತದೆ, ನನಗೂ ಬಂದಿತ್ತು. ಮನೆಯವರಿಗೆ ಅದನ್ನು ಬಾಯಿಬಿಟ್ಟು ಹೇಳಿ. ಹೇಳಲು ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವಯಸ್ಸಾಗಲಿ ಅಂತ ಕಾಯಬೇಡಿ, ಈಗಲೇ ಆಕ್ಸಿಜನ್ ಬರೆಸಿಕೊಳ್ಳಿ.

ಐವತ್ತು ದಾಟಿದವರು ಮಾತ್ರ ಹೊಸದಾಗಿ ಬಂದ ನೋವನ್ನು ಇದೇ ಅಂತ ತಾವೇ ತೀರ್ಮಾನ ಮಾಡಬಾರದು. ಆ ವಯಸ್ಸಿನಲ್ಲಿ ಕಪಾಲದ ರಕ್ತನಾಳ ಉರಿಯೂತದಿಂದ ಬಾತು ತಲೆ ನೋಯಬಹುದು. ನೆತ್ತಿ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು ಅದರ ಗುರುತು. ತಡ ಮಾಡಿದರೆ ಕಣ್ಣೇ ಹೋಗುತ್ತದೆ. ಕಣ್ಣಿನ ಒತ್ತಡ ಏಕಾಏಕಿ ಏರಿದರೂ ಹೀಗೇ ಒಂದೇ ಕಣ್ಣು ಕೆಂಪಾಗಿ ನೋಯುತ್ತದೆ, ದೃಷ್ಟಿ ಮಂಜಾಗುತ್ತದೆ. ಹಳೇ ಕ್ಲಸ್ಟರ್ ಇದ್ದವರೂ ಅಷ್ಟೇ, ನೋವಿನ ಬದಿಯೋ ರೀತಿಯೋ ಬದಲಾದರೆ ಸೀಸನ್ ಬಂತು ಅಂತ ಕೂರಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.