ಎರಡೂವರೆ ನಿಮಿಷ, ಐದಾರು ಎಂಬಿ: ಗದಗ ಸೀಮೆಯ ಮಕ್ಕಳಿಗಾಗಿ ನಾವು ಮಾಡಿದ ವಿಡಿಯೋಗಳು

ಶಾಲೆ ಮಕ್ಕಳಿಗೆ ನಮ್ಮ ಸೀಮೆಯ ಇತಿಹಾಸ, ಕೆರೆ, ಗುಡ್ಡದ ಬಗ್ಗೆ ಉಚಿತ ವಿಡಿಯೋ ಮಾಡುತ್ತೇವೆ ಅಂದಾಗ ಬಲ್ಲವರೆಲ್ಲ ಹೇಳಿದ್ದು ಎರಡೇ ಮಾತು. ಡ್ರೋನ್ ಬೇಕು, ಪಳಗಿದ ದನಿ ಬೇಕು. "ಮೊಬೈಲ್‌ದಾಗ ತೆಗೆದ್ರ ಯಾರ್ ನೋಡ್ತಾರ್ರೀ?" ಅಂತ ಒಬ್ಬರು ಮುಖಕ್ಕೇ ಕೇಳಿದರು. ಈಗ ಅವರ ಊರಿನ ಶಾಲೆಯಲ್ಲೇ ನಮ್ಮ ಕಂತುಗಳು ಓಡುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಹಳೇ ಗುಡಿಗಳ ಊರು ಲಕ್ಕುಂಡಿಯ ಬಗ್ಗೆ ಮಾಡಿದ ಮೊದಲ ವಿಡಿಯೋ ಹನ್ನೆರಡು ನಿಮಿಷದ್ದು. ಬಾಡಿಗೆ ಕ್ಯಾಮೆರಾ, ಸ್ಟುಡಿಯೋದಲ್ಲಿ ದನಿ, ಎಡಿಟಿಂಗ್ ಎಲ್ಲ ಸೇರಿ 18 ಸಾವಿರದ ಹತ್ತಿರ ಹೋಯಿತು. ಸ್ಟುಡಿಯೋದವರು ಹೇಳಿದ ದಿನಕ್ಕೆ ಕೊಡಲಿಲ್ಲ, ಕೊಟ್ಟಾಗ ಹಿನ್ನೆಲೆ ಸಂಗೀತವೇ ಮಾತನ್ನು ನುಂಗಿತ್ತು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ ಚೆಂದ ಬಂದಿತ್ತು, ನಿಜ. ಆದರೆ ಫೈಲು ಇನ್ನೂರು ಎಂಬಿ ಮೇಲೆ. ಹಳ್ಳಿಯಲ್ಲಿ ಮಕ್ಕಳು ನೋಡುವುದು ಅವ್ವನ ಫೋನಿನಲ್ಲಿ. ಅದೂ ರಾತ್ರಿ, ದಿನದ ಡೇಟಾದಲ್ಲಿ ಉಳಿದಷ್ಟರಲ್ಲಿ. ಯಾರು ಇಳಿಸಿಕೊಳ್ಳುತ್ತಾರೆ?

ಅಲ್ಲಿಂದ ಎಲ್ಲವನ್ನೂ ತಿರುಗಿಸಿ ಹಾಕಿದೆವು. ಒಂದು ಕಂತಿಗೆ ಒಂದೇ ವಿಷಯ, ಎರಡೂವರೆ ನಿಮಿಷ. ಹೆಚ್ಚಿನಂಶ ನಿಂತ ಚಿತ್ರಗಳು, ಚಲಿಸುವ ದೃಶ್ಯ ಬೇಕೇ ಬೇಕು ಅನ್ನುವಲ್ಲಿ ಮಾತ್ರ. ಚಿತ್ರದ ಗುಣಮಟ್ಟ ಕಡಿಮೆ, 360ಪಿ. ದನಿ ಮೋನೋ, ಅಂದರೆ ಒಂದೇ ಚಾನೆಲ್. ಐದಾರು ಎಂಬಿ ದಾಟಿದರೆ ವಾಪಸ್ ಎಡಿಟಿಂಗಿಗೆ. ವಾಟ್ಸಾಪಿನಲ್ಲಿ ಸಲೀಸಾಗಿ ಹೋಗುತ್ತದೆ.

ದನಿ ಮಕ್ಕಳದೇ. ಬರೆದುಕೊಟ್ಟದ್ದನ್ನು ಓದಿಸಿದರೆ ಭಾಷಣ ಸ್ಪರ್ಧೆಯ ಹಾಗೆ ಕೇಳುತ್ತದೆ, ನಿಮಗೂ ಗೊತ್ತು. ಓದಿಸದೆ ಮಾತಾಡಿಸಲು ನಮ್ಮದೊಂದು ಉಪಾಯ ಇದೆ. ಅದು ನಮ್ಮಲ್ಲೇ ಇರಲಿ. ಮಾಗಡಿ ಕೆರೆಯ ಕಂತು ಶುರುವಾಗುವುದೇ "ನಮ್ಮ ಕೆರಿಗೆ ಹಿಮಾಲಯ ದಾಟಿ ಹಕ್ಕಿ ಬಂದಾವ್ರೀ" ಅಂತ. ಆರನೇ ಕ್ಲಾಸಿನ ಹುಡುಗಿಯ ಮಾತು ಅದು. ಯಾವ ನಿರೂಪಕರ ಕೈಲೂ ಹಾಗೆ ಹೇಳಿಸಲು ಆಗುವುದಿಲ್ಲ.

ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅಲ್ಲಿ ಡ್ರೋನ್ ಹಾರಿಸಿದ್ದರೆ ಹಿಂಡೇ ಎದ್ದು ಹೋಗುತ್ತಿತ್ತು. ನಾವು ಹಳೇ ಬೈನಾಕ್ಯುಲರಿನ ಕಣ್ಣಿಗೆ ಮೊಬೈಲ್ ಹಿಡಿದು ತೆಗೆದೆವು. ಚಿತ್ರ ಸ್ವಲ್ಪ ಮಸುಕು, ಆದರೆ ಪಟ್ಟೆ ಎಣಿಸಬಹುದು. ಮಕ್ಕಳಿಗೆ ಅಷ್ಟು ಸಾಕು.

ನನಗೆ ತುಂಬ ಇಷ್ಟವಾದದ್ದು ವೀರಗಲ್ಲಿನ ಕಂತು. ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು ಅದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಎಷ್ಟೋ ಕಲ್ಲುಗಳಲ್ಲಿ ದನ ಬಿಡಿಸಿಕೊಳ್ಳುವ ತುರುಗಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು, ಮೇಲೆ ಸೂರ್ಯ ಚಂದ್ರ. ಸ್ಟುಡಿಯೋದವರು ರೂಢಿಯಂತೆ ಮೇಲಿಂದ ಕೆಳಗೆ ಕ್ಯಾಮೆರಾ ಇಳಿಸಿದ್ದರು. ಮಕ್ಕಳಿಗೆ ಕಥೆ ತಲೆಕೆಳಗಾಗಿ ಸಿಕ್ಕಿತು. ಪೂಜೆ ಮಾಡಿ ಯುದ್ಧಕ್ಕೆ ಹೋದ ಅಂದುಕೊಂಡರು! ನಾವು ಫೋನನ್ನು ನೆಲಕ್ಕೆ ಹಚ್ಚಿ ಮೆಲ್ಲಗೆ ಮೇಲೆತ್ತಿದೆವು, ಪ್ರತಿ ಪಟ್ಟಿಯಲ್ಲಿ ನಿಲ್ಲಿಸಿ. ಸವೆದ ಕೆತ್ತನೆ ಕಾಣಲು ಮನೆಯ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಬಿಟ್ಟೆವು. ಕಲ್ಲಿಗೆ ಸುಣ್ಣ, ಹಿಟ್ಟು ಏನೂ ಬಳಿಯಬೇಡಿ, ದಯವಿಟ್ಟು. ಕನ್ನಡಿ ಸಾಕು.

ಗಾಳಿ ಮಾತ್ರ ಜಾಸ್ತಿ ಕಾಡಿತು. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಮೈಕಿಗೆ ಕಾಲುಚೀಲ, ತುಪ್ಪಳದ ಟೊಪ್ಪಿಗೆ ಎಲ್ಲ ಹಾಕಿ ನೋಡಿದೆವು, ಗುಡ್ಡದ ಮೇಲೆ ಯಾವುದೂ ನಡೆಯಲಿಲ್ಲ. ಈಗ ಚಿತ್ರ ಅಲ್ಲಿ, ದನಿ ಊರಲ್ಲಿ. ಹತ್ತಿ ಬಿಡಿಸಿ ತುಂಬಿಟ್ಟ ಕೋಣೆಯಲ್ಲಿ ಒಮ್ಮೆ ರೆಕಾರ್ಡ್ ಮಾಡಿದಾಗ ಒಂಚೂರೂ ಮಾರ್ದನಿ ಇರಲಿಲ್ಲ. ಹತ್ತಿ ಮಾರಿದ ಮೇಲೆ ಗೋಡೆಗೆ ಕೌದಿ ಕಟ್ಟಿಕೊಂಡೆವು. ಸ್ಟುಡಿಯೋ ಬಾಡಿಗೆ ಪೂರ್ತಿ ಉಳಿಯಿತು.

ನಡುವೆ ಬೇರೆ ಪ್ರಯೋಗಗಳೂ ಆದವು. ವೀರಗಲ್ಲಿನ ನೂರಾರು ಫೋಟೋ ಜೋಡಿಸಿ ತ್ರೀಡಿ ಮಾಡಿದೆವು. ನೋಡಲು ಬೆರಗು, ಆದರೆ ಅವ್ವಂದಿರ ಫೋನು ನಿಂತೇ ಹೋಗುತ್ತಿತ್ತು. ಶಾಲೆ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದೆವು, ಒಂದು ಬೇಸಿಗೆಗೆ ಬಿಳಿಚಿತು. ಟೈಲ್ಸ್ ಮೇಲೆ ಅಚ್ಚು ಹಾಕಿಸಿದ್ದು ಇನ್ನೂ ಗಟ್ಟಿ ಇದೆ. ಒಂದಕ್ಕೆ 150 ರೂಪಾಯಿ ಬಿದ್ದ ನೆನಪು. ಗೀಗೀ ಪದದ ಮಟ್ಟಿನಲ್ಲಿ ಕಣಗಿನಹಾಳದ ಕಥೆ ಹಾಡಿಸಿದ್ದೂ ಇದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಊರು ಅದು. ಮಕ್ಕಳಿಗಿಂತ ಅಜ್ಜಂದಿರೇ ಅದನ್ನು ಹೆಚ್ಚು ಹಂಚಿದರು.

ನೋಡುವವರು ಹೆಚ್ಚಿದ್ದು ಕೊನೆಗೆ ಒಂದು ಕೆಲಸ ಕೊಡಲು ಶುರು ಮಾಡಿದ ಮೇಲೆ. "ನಿಮ್ಮೂರಿನ ಕಲ್ಲು ಹುಡುಕಿ, ಕೆಳಗಿನ ಪಟ್ಟಿಯಲ್ಲಿ ದನ ಇವೆಯಾ ನೋಡಿ ಹೇಳಿ." ಹಗೇವಿನ ಪಕ್ಕ, ಬಾವಿಕಟ್ಟೆ, ಹನುಮಪ್ಪನ ಗುಡಿಯ ಹಿಂದೆ, ಎಲ್ಲೆಲ್ಲಿಂದಲೋ ಫೋಟೋ ಬಂದವು. ನಾವೂ ಕಂಡಿರದ ಕಲ್ಲುಗಳು ಅದರಲ್ಲಿ ಇದ್ದವು. ಅವೇ ಮುಂದಿನ ಕಂತುಗಳಾದವು.

ಎಲ್ಲ ಉಚಿತ, ಯಾರು ಬೇಕಾದರೂ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಇದಕ್ಕೆ ಬೆಲೆ ಇಡಿ ಅಂದವರಿಗೆ ಅತ್ತಿಮಬ್ಬೆಯ ಕಂತು ಕಳಿಸುತ್ತೇನೆ. 1007ರಲ್ಲಿ ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದವಳು, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದಳು ಅಂತ ಖ್ಯಾತಿ. ಈ ನೆಲದಲ್ಲಿ ಕೂತು ನಾವು ಎರಡೂವರೆ ನಿಮಿಷಕ್ಕೆ ದುಡ್ಡು ಕೇಳೋಣವೇ?

ಈಗ ಕಂತಿಗೆ ಪೆಟ್ರೋಲು, ಮಕ್ಕಳಿಗೆ ಮಿರ್ಚಿ ಮಂಡಕ್ಕಿ ಸೇರಿ 400 ರೂಪಾಯಿ ಒಳಗೇ ಮುಗಿಯುತ್ತದೆ. ನೀವು ಮಾಡುವುದಾದರೆ ಫೈಲಿನ ಹೆಸರನ್ನು ಕನ್ನಡದಲ್ಲೇ ಇಡಿ: ತರಗತಿ, ಪಾಠ, ಊರು. ಮೇಷ್ಟ್ರಿಗೆ ಬೇಕಾದಾಗ ಫೋನಿನಲ್ಲಿ ತಕ್ಷಣ ಸಿಗುತ್ತದೆ.